ರಂಗರಾಜು ಅವರ ಸಮತೋಲನ
ಚಿಕ್ಕನಾಯಕನಹಳ್ಳಿಯ ಕಾಲೇಜೊಂದರ ಉಪನ್ಯಾಸಕ ರಂಗರಾಜು ಅವರಿಗೆ, ಕೆಲಸ, ಮನೆ, ತೆಂಗಿನ ತೋಟ ಮೂರನ್ನೂ ಸರಿದೂಗಿಸುವ ಕಲೆ ತಮಗೊಬ್ಬರಿಗೇ ಒಲಿದಿದೆ ಎಂಬ ನಂಬಿಕೆ. ಪಾಠ ನಿಲ್ಲಿಸಿ ಕಾಯಿ ಕೀಳುವವರಿಗೆ ಫೋನು ಮಾಡುತ್ತಾರೆ. ತೋಟದಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಾರೆ. ಮನೆಗೆ ಬಂದರೆ, ಎರಡು ಕಡೆ ದುಡಿದ ದಣಿವೆಂದು ಕಾಲು ಚಾಚುತ್ತಾರೆ. ಮಗಳಿಗೆ ಜ್ವರ ಬಂದಾಗ ರಜೆ ಹಾಕುವವಳು ಮಾತ್ರ ಹೆಂಡತಿ ಶಶಿರೇಖಾ; ಆಕೆಯೂ ಕೆಲಸಕ್ಕೆ ಹೋಗುವವಳೇ, ಶಾಲಾ ಶಿಕ್ಷಕಿ. "ಎಲ್ಲಾಕೂ ಒಂದು ಟೈಮ್ ಅಂತ ಇಟ್ಕಬೇಕು ಕಣ್ರೀ" ಎಂದು ಸಹೋದ್ಯೋಗಿಗಳಿಗೆ ರಂಗರಾಜು ಅವರ ಉಪದೇಶ ಬೇರೆ. ಮೊನ್ನೆ ಶಶಿರೇಖಾಗೆ ಮುಖ್ಯಶಿಕ್ಷಕಿಯಾಗಿ ತುರುವೇಕೆರೆಗೆ ಬಡ್ತಿ ಬಂತು. ಒಪ್ಪಿಗೆಯಿದೆಯೋ ಇಲ್ಲವೋ, ಸಂಜೆಯೊಳಗೆ ಬರೆದು ಕೊಡಬೇಕಿತ್ತು. ಗಂಡನನ್ನು ಕೇಳಲು ಆಕೆ ಅಟ್ಟ ಹತ್ತಿದಳು. ಅಲ್ಲಿ ಅವರು, ವರ್ಷದಿಂದ ಒಣಗುತ್ತಿದ್ದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟು ಗಡಗಡ ಎನ್ನುತ್ತದೆಯೇ ಎಂದು ಕಣ್ಣು ಮುಚ್ಚಿ ಆಲಿಸುತ್ತಿದ್ದರು. "ರೀ, ಒಂದು ಮಾತು ಕೇಳ್ಬೇಕಿತ್ತು." "ಶ್! ಸದ್ದು ಮಾಡ್ಬ್ಯಾಡ ಕಣೇ, ಏನೂ ಕೇಳ್ಸಕಿಲ್ಲ." ಹದಿನಾರು ವರ್ಷಗಳಲ್ಲಿ ತನ್ನ ಒಂದು ಮಾತಿಗೂ ದೊರೆಯದ ಆ ತನ್ಮಯತೆಯನ್ನು ಶಶಿರೇಖಾ ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಸದ್ದಿಲ್ಲದೆ ಕೆಳಗಿಳಿದು, ಒಪ್ಪಿಗೆಯಿದೆ ಎಂದು ಬರೆದು ಸಹಿ ಹಾಕಿದಳು.