ಸೀತನಿ ಹೊಲದ ಪಕ್ಕದಲ್ಲಿ ನಡೆದ ಹಂದಿ ಬೇಟೆ

ನಮ್ಮ ಕಡೆ ಹೆಣ್ಣು ನೋಡಲು ಬಂದವರಿಗೆ ಚಹಾ, ಅವಲಕ್ಕಿ ಕೊಟ್ಟು ಕಳಿಸುವುದು ರೂಢಿ. ಅವರು ಎರಡನೆಯ ಸಲ ಬರುವವರಿದ್ದು, ಅದು ಸೀತನಿಯ ಕಾಲವೂ ಆಗಿದ್ದರೆ, ಮನೆಯ ಬದಲು ಹೊಲಕ್ಕೆ ಕರೆಯಬೇಕು. ಹಾಲುಗಾಳು ತುಂಬಿದ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಆ ಬಿಸಿ ಕಾಳನ್ನು, ಅಂದರೆ ಸೀತನಿಯನ್ನು, ಶೇಂಗಾ ಚಟ್ನಿಯೊಡನೆ ಅವರ ಮುಂದೆ ಸುರಿಯಬೇಕು. ಬಾಯಿ ತುಂಬಿದ ಮನುಷ್ಯನಿಗೆ ಬೇಡ ಎನ್ನಲು ಸ್ವಲ್ಪ ತಡವಾಗುತ್ತದೆ ಎಂಬುದು ಇದರ ಹಿಂದಿನ ರಾಜನೀತಿ ಇದ್ದೀತು.

ಅಕ್ಕಲಕೋಟ ತಾಲೂಕಿನ ನಮ್ಮ ಹೊಲವನ್ನು ನೋಡಿಕೊಳ್ಳುವವನು ನನ್ನ ತಮ್ಮ. ನಾನು ನಿವೃತ್ತನಾಗಿ ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಮನೆ ಮಾಡಿಕೊಂಡಿದ್ದು, ಜಮೀನುದಾರನೆಂಬ ಬಿರುದು ಪೂರ್ತಿ ಹೋಗದಿರಲೆಂದು ಆಗಾಗ ಊರಿಗೆ ಹೋಗಿಬರುತ್ತೇನೆ. ಆ ವರ್ಷ ತಮ್ಮನ ಮಗಳಿಗೆ ಮರವಡೆ ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗ, ಹುಡುಗಿ ಫೋನಿನಲ್ಲಿ ಮಾತಾಡಿ ತಮ್ಮ ಮಟ್ಟಿಗೆ ತೀರ್ಮಾನಕ್ಕೆ ಬಂದಾಗಿತ್ತು. ಉಳಿದದ್ದು ಹುಡುಗನ ತಂದೆಯ ತೀರ್ಮಾನ. ಅವರು ಈ ಮೊದಲು ಬೇರೆ ಮನೆಗಳಲ್ಲಿ ಸೀತನಿ ತಿಂದೂ ಬೇಡವೆಂದು ಎದ್ದು ಬಂದವರೆಂದು ಸುದ್ದಿ. ತಮ್ಮ ಅವರಿಗಾಗಿಯೇ ಒಂದು ತುಂಡು ಹೊಲದಲ್ಲಿ ಸೀತನಿ ಜೋಳ ಬಿತ್ತಿದ್ದ. ಭಾನುವಾರ ಬರುತ್ತೇವೆಂದು ಅವರು ತಿಳಿಸಿದರು.

ಹಂದಿಗಳಿಗೆ ಯಾರೂ ಏನನ್ನೂ ತಿಳಿಸಿರಲಿಲ್ಲ. ಆದರೂ ಅವು ಮೊದಲೇ ಬಂದವು.

ಅವುಗಳ ವಾಸ ಪಕ್ಕದ ಕಬ್ಬಿನಲ್ಲಿ, ಊಟ ನಮ್ಮ ಜೋಳದಲ್ಲಿ. ತಮ್ಮ ಮೊದಲು ಬದುವಿನುದ್ದಕ್ಕೂ ಗೂಟ ನೆಟ್ಟು ಸೀರೆ ಕಟ್ಟಿದ. ಬಣ್ಣದ ಬಟ್ಟೆ ಗಾಳಿಗೆ ಅಲ್ಲಾಡಿದರೆ ಹಂದಿ ಹೆದರುತ್ತದೆ ಎಂಬುದು ನಮ್ಮ ಸೀಮೆಯ ಸಿದ್ಧಾಂತ. ನಾನು ಹೋದಾಗ ತಮ್ಮನ ಹೆಂಡತಿ ನನ್ನ ಮುಂದೆ ಫಿರ್ಯಾದಿಟ್ಟಳು.

“ನೋಡ್ರಿ ಭಾವಾರ, ನಾ ಉಡಬೇಕಂದ್ರ ಪೆಟ್ಟಿಗ್ಯಾಗ ಸೀರಿ ಇಲ್ಲ. ಗೂಟಕ್ಕ ಮಾತ್ರ ಭಾರಿ ಭಾರಿ ಸೀರಿ ಉಡಿಸ್ಯಾರ.”

“ಹಳೇವು ಇದ್ವು,” ಎಂದ ತಮ್ಮ.

“ಹಳೇವು ಅಂತ ಯಾರ್ ಹೇಳಿದ್ರು? ಹಂದಿ ಹೇಳಿದ್ವೇನು?”

ಸೀರೆಯ ನಂತರ ಕೂದಲು. ಅಕ್ಕಲಕೋಟದ ಕಟಿಂಗ್ ಅಂಗಡಿಯಿಂದ ಒಂದು ಚೀಲ ಕೂದಲು ತಂದು ಬದುವಿನ ಮೇಲೆ ಚೆಲ್ಲಿದ. ಮನುಷ್ಯನ ವಾಸನೆಗೆ ಕಾಡುಪ್ರಾಣಿ ದೂರ ನಿಲ್ಲುತ್ತದಂತೆ. ಈ ಹಂದಿಗಳು ಮನುಷ್ಯರನ್ನು ಹತ್ತಿರದಿಂದ ನೋಡಿದ್ದವೆಂದು ಕಾಣುತ್ತದೆ. ಕೂದಲು ತುಳಿದುಕೊಂಡೇ ಒಳಗೆ ಹೋದವು.

ಭಾನುವಾರಕ್ಕೆ ಮುಂಚೆ ಕಬ್ಬು ಕಡಿಯುವ ಟೋಳಿ ಬಂದದ್ದು ತಮ್ಮನಿಗೆ ದೈವಕೃಪೆಯಂತೆ ಕಂಡಿತು. ಕಬ್ಬು ಕಡಿದಂತೆಲ್ಲ ಹಂದಿಗಳು ಉಳಿದ ಕಬ್ಬಿನೊಳಗೆ ಸರಿಯುತ್ತ ಹೋಗಿ, ಕೊನೆಗೆ ಒಂದು ಪಟ್ಟಿಯಲ್ಲಿ ಕೂಡಿಕೊಳ್ಳುತ್ತವೆ. ಆಗ ಮೂರು ಕಡೆ ಜನ ನಿಂತು ಗದ್ದಲ ಮಾಡಿದರೆ ಅವು ನಾಲ್ಕನೆಯ ಕಡೆಯ ಹಳ್ಳಕ್ಕೇ ಓಡಬೇಕು. ಅಲ್ಲಿ ಬಂದೂಕು ಕಾಯುತ್ತಿರಬೇಕು. ತಮ್ಮ ಅರಣ್ಯ ಇಲಾಖೆಯಿಂದ ಪರವಾನಗಿ ತಂದಿದ್ದ. ಗಾರ್ಡ್ ಬಂದರು. ಲೈಸನ್ಸ್ ಇದ್ದ ಊರಿನ ಒಬ್ಬ ಮಾಜಿ ಸೈನಿಕರೂ ಬಂದೂಕು ಹೆಗಲಿಗೇರಿಸಿ ಬಂದರು. ನಾಯಿಗಳು ಕರೆಯದೆಯೇ ಬಂದವು.

ಬೇವಿನ ಗಿಡದ ಕೆಳಗೆ ಯುದ್ಧಸಭೆ ಸೇರಿತು. ಜಾಗ ಹಂಚಿದವನು ತಮ್ಮ.

“ಯಾರೂ ತಮ್ಮ ಹೊಲದ ಮುಂದ ನಿಂದ್ರಬ್ಯಾಡ್ರಿ. ತಮ್ಮ ಬದು ಕಂಡ್ರ ಮನಷಾ ಹಂದಿ ನೋಡೂದಿಲ್ಲ, ಪೀಕ ನೋಡ್ತಾನ.”

ಎಲ್ಲರೂ ತಲೆಯಾಡಿಸಿದರು. ಕಬ್ಬಿನ ಆ ಬದಿಗೆ ಕಡಲೆ ಬೆಳೆದಿದ್ದ ನೆರೆಯವನು ಮುಂದೆ ಬಂದ. “ಬರೋಬರ್ ಐತಿ ದಾದಾ. ನಿಮ್ಮ ಜ್ವಾಳದ ಬದು ನನಗ ಬಿಡ್ರಿ. ಜೀವ ಹೋದ್ರೂ ಸರಿಯೂದಿಲ್ಲ.”

ತಮ್ಮ ಪರವಾನಗಿ ಪಡೆದವನಾದ್ದರಿಂದ ಬಂದೂಕಿನ ಹತ್ತಿರವೇ ಇರಬೇಕೆಂದು ಗಾರ್ಡ್ ಹೇಳಿದರು. ಅವನು ಹಳ್ಳದ ಕಡೆ ಹೋದ. ಹಿರಿಯನೆಂಬ ಗೌರವದಿಂದ ನನ್ನನ್ನು ಬಾವಿಯ ಕಟ್ಟೆಯ ಮೇಲೆ ನಿಲ್ಲಿಸಿ, ಬಡಿಯಲು ಎಣ್ಣೆಯ ಖಾಲಿ ಡಬ್ಬಿ ಕೊಟ್ಟರು. ಹೀಗಾಗಿ ಇಡೀ ರಣರಂಗ ನನ್ನ ಕಣ್ಣಳತೆಯಲ್ಲಿತ್ತು.

ಗದ್ದಲ ಎದ್ದಿತು. ಕಬ್ಬು ಅಲುಗಿತು. ಯಾರೋ ಕೂಗಿದರು: “ಏ, ಕಡ್ಲಿ ಕಡಿ ಹೊಂಟಾವ ನೋಡ್ರೋ!”

ಹೊರಟಿರಲಿಲ್ಲ. ಆದರೆ ನಮ್ಮ ಜೋಳದ ಮುಂದೆ ನಿಂತಿದ್ದ ಕಡಲೆಯವನು ತನ್ನ ಕಡಲೆಯತ್ತ ಓಡಿದ. ಕಡಲೆಯ ಮುಂದೆ ನಿಂತಿದ್ದ ತೊಗರಿಯವನು ಅವನು ಬಂದದ್ದನ್ನು ಕಂಡು, ಇಲ್ಲಿ ತನ್ನ ಕೆಲಸ ಮುಗಿಯಿತೆಂದು ತಿಳಿದು, ತನ್ನ ತೊಗರಿಯತ್ತ ಓಡಿದ. ತೊಗರಿಯ ಕಡೆ ಇದ್ದವರೂ ಹಾಗೆಯೇ ತಂತಮ್ಮ ದಿಕ್ಕು ಹಿಡಿದರು. ನಾನು ಡಬ್ಬಿ ಬಡಿಯುತ್ತಲೇ ಇದ್ದೆ; ಅದನ್ನವರು ಪ್ರೋತ್ಸಾಹವೆಂದು ತಿಳಿದಿರಬೇಕು. ಸ್ವಲ್ಪ ಹೊತ್ತಿನಲ್ಲಿ ಪ್ರತಿಯೊಬ್ಬನೂ ತನ್ನ ಬದುವಿನ ಮೇಲೆ ಕೋಲು ಹಿಡಿದು ದ್ವಾರಪಾಲಕನಂತೆ ನಿಂತಿದ್ದ. ಕಾವಲಿಲ್ಲದ ಬದು ಒಂದೇ, ನಮ್ಮದು. ಅಲ್ಲಿ ಸೀರೆಗಳು ಮಾತ್ರ ಇದ್ದವು.

ಹಂದಿಗಳು ಅಲ್ಲಿಯೇ ಹೊರಬಿದ್ದವು. ಮುಂದೆ ಒಂದು ದೊಡ್ಡ ಹೆಣ್ಣುಹಂದಿ, ಹಿಂದೆ ಅದರ ಸಂಸಾರ. ಸೀರೆಯೊಂದನ್ನು ಹರಿದುಕೊಂಡು ಜೋಳದೊಳಗೆ ನುಗ್ಗಿ, ಎಲ್ಲೂ ನಿಲ್ಲದೆ ನೇರವಾಗಿ ಆಚೆ ಬಿದ್ದು ಹೋದವು. ನಷ್ಟ ಅಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ತಂತಮ್ಮ ಬೆಳೆ ಉಳಿಯಿತೆಂದು ಖಾತ್ರಿಯಾದೊಡನೆ ಎಲ್ಲರಿಗೂ ಬೇಟೆಯ ಆವೇಶ ಬಂತು. ಇಡೀ ಸೈನ್ಯ ಕೋಲು ಬೀಸುತ್ತ, ನಾಯಿಗಳ ಸಮೇತ, ಸೀತನಿ ಜೋಳದೊಳಗೆ ಇಳಿಯಿತು. ಹಂದಿಗಳು ರಸ್ತೆ ದಾಟಿದ ಮೇಲೆ ಮಾಜಿ ಸೈನಿಕರು, ಬಂದದ್ದಕ್ಕೆ ಹಾಜರಿ ಇರಲೆಂಬಂತೆ, ಆಕಾಶಕ್ಕೆ ಒಂದು ಗುಂಡು ಹಾರಿಸಿದರು.

ತಮ್ಮ ಓಡಿ ಬಂದು ಮಲಗಿದ ಜೋಳವನ್ನು ನೋಡಿದ. ಕಡಲೆಯವನನ್ನು ಕೇಳಿದ: “ಎಲ್ಲಿ ನಿಂತಿದ್ದ್ಯೋ?”

“ನಮ್ಮ ಬದುವಿನ ಮ್ಯಾಲ, ದಾದಾ. ಒಂದರೆ ಒಳಗ ಬಿಟ್ಟಿದ್ರ ಹೇಳ್ರಿ!”

ಆ ಸಂಜೆ ತಮ್ಮ ಫೋನ್ ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದ. ಬರಬೇಡಿ ಎಂದರೆ ಹೆಣ್ಣಿನ ಕಡೆಯವರು ಹಿಂದೆ ಸರಿದರೆಂದಾಗುತ್ತದೆ. ಬನ್ನಿ ಎಂದರೆ, ಹೊಲ ಕಾಯಲಾರದವನೆಂದು ಅವರೇ ಕಣ್ಣಾರೆ ನೋಡುತ್ತಾರೆ. ಮಗಳು ಬಂದು ಫೋನ್ ಇಸಿದುಕೊಂಡಳು. “ಪಪ್ಪಾ, ಬರಲಿ ಬಿಡ್ರಿ. ಜ್ವಾಳ ಬಿದ್ದೈತಿ, ನಾ ಬಿದ್ದಿಲ್ಲ.”

ಭಾನುವಾರ ಅವರು ಬಂದರು. ಹುಡುಗನ ತಂದೆ ಗಟ್ಟಿ ಒಕ್ಕಲುತನದ ಮನುಷ್ಯ. ಹಾಸಿದ ಕಂಬಳಿಯ ಮೇಲೆ ಕೂಡದೆ, ಧೋತರ ಎತ್ತಿ ಹಿಡಿದು ನೇರ ಹೊಲದೊಳಗೆ ನಡೆದರು. ಒಂದು ಸುತ್ತು ಹಾಕಿ, ಬಗ್ಗಿ ಮಣ್ಣು ನೋಡಿದರು.

“ಹಂದಿ ಹೊಕ್ಕಿದ್ವು ಅಂದ್ರಲ್ಲ?”

“ಹೌದ್ರಿ,” ಎಂದ ತಮ್ಮ.

“ನಿಮ್ಮ ಕಡಿ ಹಂದಿ ಚಪ್ಪಲ್ ಹಾಕ್ಕೋತಾವೇನ್ರಿ?”

ತಮ್ಮನಿಗೆ ಎಲ್ಲವನ್ನೂ ಹೇಳದೆ ಗತ್ಯಂತರವಿರಲಿಲ್ಲ. ಅವರು ನಗದೆ ಕೇಳಿಸಿಕೊಂಡರು. ಆಮೇಲೆ ಹೇಳಿದರು: “ನಮ್ಮೂರಾಗೂ ಹಿಂಗ ಆಗಿತ್ತು. ನಾನೂ ನನ್ನ ಬದುವಿನ ಮ್ಯಾಲ ಹೋಗಿ ನಿಂತೆ. ಬಾಜೂದವನ ಹೊಲಾ ಹೋತು. ಅಂವಾ ಇನ್ನತನಾ ನನ್ನ ಜೋಡಿ ಮಾತಾಡೂದಿಲ್ಲ.” ಸುತ್ತ ನೋಡಿ ಕೇಳಿದರು, “ನಿಮ್ಮ ಕಡ್ಲಿಯವಾ ಎಲ್ಲಿ ಅದಾನ?”

“ಅಲ್ಲೇ ಕೆಂಡಾ ಊದಾಕತ್ತಾನಲ್ರಿ. ಅವನ್ನ ಬಿಟ್ಟು ಸೀತನಿ ಸುಡೂದು ಯಾರಿಗೂ ಬರೂದಿಲ್ಲ.”

ಹೊಗೆಯಿಂದ ಕಣ್ಣು ಕೆಂಪಾಗಿಸಿಕೊಂಡಿದ್ದ ಕಡಲೆಯವನು ತಲೆ ಎತ್ತಿ ಎಲ್ಲರಿಗೂ ನಮಸ್ಕಾರ ಮಾಡಿದ. ಹುಡುಗನ ತಂದೆ ಅವನನ್ನು ಬಹಳ ಹೊತ್ತು ನೋಡಿದರು. ನಂತರ ಬಂದು ಕಂಬಳಿಯ ಮೇಲೆ ಕುಳಿತು ಕೈ ಚಾಚಿದರು. ಬಿದ್ದ ದಂಟಿನಿಂದ ಆರಿಸಿದ ತೆನೆಗಳಾದರೂ ಹಾಲು ಆರಿರಲಿಲ್ಲ.

ಬಾಯಿ ಖಾಲಿಯಾದ ಮೇಲೆಯೇ ಅವರು ಮಾತಾಡಿದ್ದನ್ನು ನಾನು ಗಮನಿಸಿದೆ.

“ಲಗ್ನಾ ಜ್ವಾಳದ ರಾಶಿ ಮುಗದ ಮ್ಯಾಲ ಇಟ್ಕೊಳ್ಳೂಣು. ಅದಕ್ಕೂ ಮೊದಲ ನಮ್ಮ ಕಡಿ ಕಬ್ಬು ಕಡಿಯೂದೈತಿ, ಅಲ್ಲೂ ಹಂದಿ ಭಾಳ ಅದಾವ. ಪರವಾನಗಿ ನಾ ತಗೀತೀನಿ. ಬೀಗರು ಅಂದ ಮ್ಯಾಲ ನೀವೆಲ್ಲಾ ಬರಬೇಕು, ಈ ಕಡ್ಲಿಯವರನ್ನೂ ಕರ್ಕೊಂಡು. ಅಲ್ಲಿ ನಿಮ್ಮದು ಯಾರದೂ ಹೊಲಾ ಇಲ್ಲ. ನಿಲ್ಲಿಸಿದಲ್ಲೇ ನಿಂದರ್ತೀರಿ.”

“ಬರ್ತೀವ್ರಿ,” ಎಂದ ತಮ್ಮ. ಅವನ ಹೆಂಡತಿ ಬೀಗರ ಬಾಯಿ ಸಿಹಿ ಮಾಡಲು ಸಕ್ಕರೆ ತರಲು ಎದ್ದಳು.