ರಾಣೆಬೆನ್ನೂರಿನಲ್ಲಿ ಬಿಸಿಲು ಬಿದ್ದಿದೆಯಂತೆ

ನಮ್ಮ ಮನೆಯ ಹವಾಮಾನ ಇಲಾಖೆ ರಾಣೆಬೆನ್ನೂರಿನಲ್ಲಿದೆ. ಅದನ್ನು ನಡೆಸುವವಳು ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ. ವಯಸ್ಸು ಎಂಬತ್ತರ ಹತ್ತಿರ, ಎರಡೂ ಮೊಣಕಾಲು ಕೈಕೊಟ್ಟಿವೆ, ಓಣಿ ದಾಟುವುದಿಲ್ಲ. ಅಕ್ಕತಂಗಿಯರು ಕೂಡಬೇಕೆಂದರೆ ಹಾವೇರಿಯಿಂದ ಅವ್ವನೇ ಹೋಗಬೇಕು, ಅವ್ವ ಹೋಗಬೇಕೆಂದರೆ ನಾನು ಕರೆದೊಯ್ಯಬೇಕು, ನನಗೆ ಬಿಡುವು ಭಾನುವಾರ ಒಂದೇ ದಿನ. ಉಳಿದ ಆರು ದಿನ ಅಗಡಿಯ ಶಾಲೆಗೆ ಸ್ಕೂಟಿಯಲ್ಲಿ ಹೋಗಿಬರುತ್ತೇನೆ. ಮಳೆಗಾಲದಲ್ಲಿ ಸೀರೆಯ ಅಂಚಿಗೆ ಮೆತ್ತಿದ ಎರೆಮಣ್ಣು ಕೆರೆಯುವುದರಲ್ಲೇ ಸಂಜೆ ಮುಗಿಯುತ್ತದೆ. ಏಳನೆಯ ದಿನವಾದರೂ ಮೈ ಒಣಗಿಸಿಕೊಂಡು ಮನೆಯಲ್ಲಿ ಕೂರೋಣವೆಂದರೆ ಆ ಭಾಗ್ಯವಿಲ್ಲ.

ಅವ್ವನಿಗೆ ಉಬ್ಬಸ. ತೋಯಿಸಿಕೊಂಡರೆ ಎದೆ ಕಟ್ಟುತ್ತದೆ, ಮಳೆಯಲ್ಲಿ ಓಡಾಡಲೇಬಾರದು ಎಂದು ಡಾಕ್ಟರು ಗದರಿಸಿ ಹೇಳಿದ್ದಾರೆ. ಅದಕ್ಕೇ ಭಾನುವಾರ ಬೆಳಿಗ್ಗೆ ಏಳಕ್ಕೆ ಅವ್ವ ರಾಣೆಬೆನ್ನೂರಿಗೆ ಫೋನು ಹಚ್ಚಿಸುತ್ತಾಳೆ.

"ಅಕ್ಕಾ, ಮಳಿ ಐತೇನ ಅಲ್ಲೆ?"

"ಎಲ್ಲೀ ಮಳಿ? ಚಲೋ ಬಿಸಲ ಬಿದ್ದೈತಿ. ಬಾ."

ಶ್ರಾವಣದಲ್ಲಿ ಹಾವೇರಿಗೆ ವಾರಗಟ್ಟಲೆ ಜಿಟಿಜಿಟಿ ಹಿಡಿದಿರುತ್ತದೆ, ನಡುವಿನ ಬ್ಯಾಡಗಿಯಲ್ಲೂ ಅದೇ ಮೋಡ. ರಾಣೆಬೆನ್ನೂರಿನಲ್ಲಿ ಮಾತ್ರ ಚಲೋ ಬಿಸಿಲು! ನಾನು ಮೊಬೈಲಿನಲ್ಲಿ ಮೋಡದ ಚಿತ್ರ ತೋರಿಸಿದರೆ ಅವ್ವ ಮುಖ ತಿರುಗಿಸುತ್ತಾಳೆ.

"ಆ ಫೋನಿಗೆ ರಾಣೆಬೆನ್ನೂರಾಗ ಯಾರ ಅದಾರ? ನಮ್ಮಕ್ಕ ಕಣ್ಣಿಲೆ ನೋಡಿ ಹೇಳಾಕತ್ತಾಳ."

ಹೋದ ಶ್ರಾವಣದ ಒಂದು ಭಾನುವಾರ ದೊಡ್ಡವ್ವ ಬಿಸಿಲಿನ ವರದಿ ಕೊಡುತ್ತಿದ್ದಾಗ ಅವಳ ದನಿಯ ಹಿಂದೆ ತಗಡಿನ ಮೇಲೆ ಪಟಪಟ ಎಂಬ ಸದ್ದು ನನಗೇ ಕೇಳಿತು. ನಾನು ಫೋನು ಕಸಿದುಕೊಂಡೆ.

"ದೊಡ್ಡವ್ವ, ಅದೇನ ಸಪ್ಪಳ? ಮಳಿ ಅಲ್ಲೇನ?"

"ಏ, ಒಗ್ಗರಣಿ ಸಪ್ಪಳ ಅದು. ನಮ್ಮ ಸೊಸಿ ಒಗ್ಗರಣಿ ಹಾಕಾಕತ್ತಾಳ."

ಐದು ನಿಮಿಷ ಬಿಡದೆ ಸಿಡಿಯುವ ಸಾಸಿವೆಯನ್ನು ನಾನಂತೂ ಕಂಡಿಲ್ಲ. ಆದರೆ ಅಷ್ಟರಲ್ಲಿ ಅವ್ವ ಸೀರೆ ಉಟ್ಟು, ಅಕ್ಕನಿಗೆಂದು ಮಾಡಿದ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು, ಚಪ್ಪಲಿ ಮೆಟ್ಟಿ ನಿಂತಿದ್ದಳು.

ಬಸ್ಸಿನಲ್ಲಿ ನಮ್ಮ ಪಾಲಿಗೆ ಬಂದ ಕಿಟಕಿ ಮುಚ್ಚಲಿಲ್ಲ. ಬೇಸಿಗೆಯಲ್ಲಿ ಇದೇ ಕಿಟಕಿ ತೆರೆಯುವುದಿಲ್ಲ. ಮೋಟೆಬೆನ್ನೂರಿನ ಹತ್ತಿರ ಗಾಳಿ ಎರಚಲನ್ನು ನೇರವಾಗಿ ಅವ್ವನ ಮಡಿಲಿಗೇ ತಂದು ಸುರಿಯಿತು. ನಾನು ಕೊಡೆಯನ್ನು ಬಸ್ಸಿನೊಳಗೇ ಬಿಚ್ಚಿ ಕಿಟಕಿಗೆ ಅಡ್ಡ ಹಿಡಿದೆ, ಹಿಂದಿನವರು ಬೈದರು, ಗಾಳಿ ಕೊಡೆಯನ್ನು ತಿರುವಿ ಹಾಕಿತು. ಕಂಡಕ್ಟರು ನೋಡಿ, "ರಾಣೆಬೆನ್ನೂರಾಗ ನಸುಕಿನಿಂದ ಹೊಡ್ಯಾಕತ್ತೈತ್ರಿ ಅಕ್ಕಾರ, ಯಾಕ ಹೊಂಟ್ರಿ?" ಎಂದ. ಅವ್ವ ಅತ್ತ ಕಿವಿಗೊಡಲಿಲ್ಲ.

ರಾಣೆಬೆನ್ನೂರಿನಲ್ಲಿ ಇಳಿದು ಹಿಡಿದ ಆಟೋದವನು ಓಣಿಯ ಬಾಯಲ್ಲೇ ನಿಲ್ಲಿಸಿಬಿಟ್ಟ. "ಒಳಗ ಮೊಣಕಾಲ ಮಟ ನೀರ ಐತ್ರಿ, ಗಾಡಿ ಬಂದ್ ಬೀಳತೈತಿ. ಇಲ್ಲೇ ಇಳೀರಿ." ಇಳಿದೆವು. ಮುರಿದ ಕೊಡೆ, ಹೋಳಿಗೆಯ ಡಬ್ಬಿ ಹಿಡಿದು ಆ ನೀರಿನಲ್ಲಿ ಅವ್ವನನ್ನು ನಡೆಸಿಕೊಂಡು ಹೋದಾಗ ದೊಡ್ಡವ್ವ ಹೊಸ್ತಿಲಲ್ಲೇ ಕೂತಿದ್ದಳು. ಮುಖವೆಲ್ಲ ನಗು.

"ಈಗಷ್ಟ ಹಚ್ಚಿತು ನೋಡು," ಎಂದಳು.

ಮಂಗಳವಾರ ಅವ್ವ ಆಸ್ಪತ್ರೆಯಲ್ಲಿದ್ದಳು. ಮೂಗಿಗೆ ಮಾಸ್ಕು, ಉಸಿರೆಳೆದಾಗಲೆಲ್ಲ ಎದೆಯಲ್ಲಿ ಸೀಟಿ. ನಾಲ್ಕನೆಯ ದಿನ ನಾನು ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ದೊಡ್ಡವ್ವನಿಗೆ ಫೋನು ಮಾಡಿದೆ. ನಿದ್ದೆಗೆಟ್ಟಿದ್ದೆ, ಹೆದರಿದ್ದೆ, ಆ ಸಿಟ್ಟಿಗೆ ಯಾರಾದರೂ ಬೇಕಾಗಿದ್ದರು.

"ನಿನ್ನ ಬಿಸಲ ನಮ್ಮವ್ವನ ಎದಿಯಾಗ ಕುಂತೈತಿ ದೊಡ್ಡವ್ವ. ಉಸಿರಾಡಾಕ ಬಿಡವಲ್ದು. ಇನ್ನೊಮ್ಮೆ ಸುಳ್ಳ ಹೇಳಿದಿ ಅಂದ್ರ ಆಕಿನ್ನ ನಾ ಕರಕೊಂಡ ಬರಂಗಿಲ್ಲ."

ಅಷ್ಟು ಹೇಳಿ ಫೋನು ಇಟ್ಟುಬಿಟ್ಟೆ. ಸರಿಯಾಗಿಯೇ ಹೇಳಿದೆ ಎಂದು ನನಗೆ ಸಮಾಧಾನವಾಯಿತು.

ಅವ್ವ ಮನೆಗೆ ಬಂದು ಸುಧಾರಿಸಿಕೊಂಡ ಮೇಲೆ ಮತ್ತೆ ಭಾನುವಾರ, ಮತ್ತೆ ಫೋನು.

"ಅಕ್ಕಾ, ಮಳಿ ಐತೇನ?"

"ಅಯ್ಯ, ಜೋರ ಹಚ್ಚೈತಿ. ಬರಬ್ಯಾಡ."

ಮುಂದಿನ ವಾರವೂ ಜೋರು ಮಳೆ. ಅದರ ಮುಂದಿನ ವಾರ ಮಳೆಯ ಜೊತೆ ಗುಡುಗು. ಅವ್ವ ಇಸ್ತ್ರಿ ಮಾಡಿಟ್ಟ ಸೀರೆಯನ್ನು ಟ್ರಂಕಿಗೆ ವಾಪಸ್ಸು ಇಡುವಳು. "ಈ ವರ್ಷ ಅಕ್ಕನ ಊರಾಗ ಮಳಿ ಭಾಳ," ಎನ್ನುವಳು, ಅಷ್ಟೇ. ನಾನು ಭಾನುವಾರದ ನಿದ್ದೆ ಸಿಕ್ಕಿತೆಂದು ಖುಷಿಪಟ್ಟೆ. ಗಣಪತಿ ಹಬ್ಬ ಕಳೆಯಿತು, ಮಹಾನವಮಿ ಹತ್ತಿರ ಬಂತು, ಹಾವೇರಿಯಲ್ಲಿ ನೆತ್ತಿ ಸುಡುವ ಬಿಸಿಲು. ರಾಣೆಬೆನ್ನೂರಿನ ಮಳೆ ಮಾತ್ರ ನಿಲ್ಲಲೊಲ್ಲದು.

ನಮ್ಮ ಶಾಲೆಗೆ ದಿನಾ ರಾಣೆಬೆನ್ನೂರಿನಿಂದ ಬರುವ ಟೀಚರನ್ನು ಒಂದು ಶನಿವಾರ ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಮಳೀನಾ? ಹದಿನೈದ ದಿನಾ ಆತ್ರಿ ಹನಿ ಬಿದ್ದು. ಧೂಳಾ ಕುಡದು ಕುಡದು ಸಾಕಾಗೈತಿ."

ನನಗೆ ತಲೆ ಕೆಟ್ಟುಹೋಯಿತು. ಮಳೆಯಲ್ಲಿ ಬಿಸಿಲು ಅಂದವಳು ಈಗ ಬಿಸಿಲಲ್ಲಿ ಮಳೆ ಅನ್ನುತ್ತಾಳೆ! ಮರುದಿನ ಬೆಳಿಗ್ಗೆಯೂ ಅವ್ವನ ಫೋನಿಗೆ ಅದೇ ಉತ್ತರ: "ಧೋ ಅಂತ ಸುರಿಯಾಕತ್ತೈತಿ." ನಾನು ಅವ್ವನಿಗೆ, "ಸುರೀಲಿ. ನಡಿ ಹೋಗೂಣು," ಎಂದೆ.

ಅವ್ವ ಅಕ್ಕನ ಮಾತು ಮೀರುವವಳಲ್ಲ. ಪ್ಲಾಸ್ಟಿಕ್ ಕೋಟು, ಉಲ್ಲನ್ ಟೊಪ್ಪಿಗೆ, ಹೊಸ ಕೊಡೆ, ಎಲ್ಲ ತೊಟ್ಟು ಹಿಡಿದೇ ಬಂದಳು. ಬಸ್ಸಿನವರೆಲ್ಲ ಬೆವರು ಒರೆಸಿಕೊಳ್ಳುತ್ತ ನಮ್ಮನ್ನು ನೋಡಿದರು. ನಾಚಿಕೆಯಿಂದ ನಾನು ಬ್ಯಾಡಗಿ ಕ್ರಾಸಿನವರೆಗೂ ಕಿಟಕಿಯ ಆಚೆಯೇ ನೋಡುತ್ತ ಕೂತೆ.

ಆಟೋ ಈ ಸಲ ಬಾಗಿಲಿನ ತನಕ ಹೋಯಿತು. ಅಂಗಳದ ತುಂಬ ಹಳೆ ಬಟ್ಟೆ ಹೊಲಿದು ಮಾಡಿದ ದಪ್ಪ ಕೌದಿಗಳು. ಮಹಾನವಮಿಗೆಂದು ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆದು ಹಗ್ಗಕ್ಕೆ, ಗೋಡೆಗೆ, ನಿಲ್ಲಿಸಿದ ಬೈಕಿಗೆ ಕೂಡ ಹರವಿದ್ದರು. ಒಗೆದ ಕೌದಿ ಒಣಗಲು ಎರಡು ದಿನದ ಖಡಕ್ ಬಿಸಿಲು ಬೇಕು. ಅವುಗಳ ನಡುವೆ ದೊಡ್ಡವ್ವ ಮಣೆಯ ಮೇಲೆ ಕೂತಿದ್ದಳು. ಎರಡು ತಿಂಗಳಲ್ಲಿ ಇಳಿದುಹೋಗಿದ್ದಳು, ಬಳೆಗಳು ಮೊಣಕೈಗೆ ಜಾರುತ್ತಿದ್ದವು. ನಮ್ಮನ್ನು ಕಂಡು ಗಾಬರಿಯಾಗಿ ಆಕಾಶ ನೋಡಿದಳು, ಕೌದಿ ನೋಡಿದಳು.

"ಈಗಷ್ಟ ನಿಂತಿತು ನೋಡು," ಎಂದಳು.

ಅವ್ವ ಒಂದು ಕೌದಿಯನ್ನು ಕೈಯಿಂದ ಮುಟ್ಟಿದಳು. ಬಿಸಿಯಾಗಿತ್ತೇನೋ, ಕೈ ಅಲ್ಲೇ ಇಟ್ಟುಕೊಂಡು ನಿಂತಳು. ಆಮೇಲೆ ಟೊಪ್ಪಿಗೆ ತೆಗೆದು ಅಕ್ಕನ ಪಕ್ಕ ನೆಲದ ಮೇಲೆಯೇ ಕೂತಳು. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ನನ್ನ ಬಾಯಲ್ಲೇ ಉಳಿಯಿತು.

ದೊಡ್ಡವ್ವ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನನ್ನ ಬಗೆಗಿನ ಭಯವಿತ್ತು. ಎಂಬತ್ತರ ಹೆಂಗಸು, ನಾನು ಆಸ್ಪತ್ರೆಯಿಂದ ಆಡಿದ ಮಾತಿಗೆ ಇನ್ನೂ ಹೆದರಿಕೊಂಡೇ ಇದ್ದಳು.

"ಬಾ ಅಂದ್ರ ಆಕಿಗೆ ಜಡ್ಡ ಬರತೈತಿ, ಬ್ಯಾಡ ಅಂದ್ರ ನನಗ ಕೂಳ ಸೇರವಲ್ದು," ಎಂದಳು. "ನೀನ ಹೇಳಿಬಿಡ ಯವ್ವ. ಮುಂದಿನ ವಾರ ಆಕಿ ಫೋನ ಹಚ್ಚಿದಾಗ ಏನ ಅನ್ಲಿ? ಮಳಿ ಅನ್ಲ್ಯೋ, ಬಿಸಲ ಅನ್ಲ್ಯೋ?"

"ಬಿಸಲ ಅನ್ನು ದೊಡ್ಡವ್ವ," ಎಂದೆ. "ಮಳಿ ಬಂದ್ರ ಕೊಡಿ ನಾ ಹಿಡಿತೇನಿ."