ಎರಡನೇ ಸಲ ತೆಗೆದ ರಕ್ತ

ಬೆಳಗಾವಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನಾನು ಸಂಶೋಧನೆಗೆ ಆರಿಸಿಕೊಂಡಿದ್ದು ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ. ಮೈ ಕಾಯಬೇಕಾದ ರೋಗನಿರೋಧಕ ಕಣಗಳೇ ಇನ್ಸುಲಿನ್ ತಯಾರಿಸುವ ಕಣಗಳನ್ನು ಕೊಂದುಹಾಕುವ ಕಾಯಿಲೆ ಅದು. ಆ ಕಾವಲು ಕಣಗಳನ್ನು ಹದ್ದುಬಸ್ತಿನಲ್ಲಿಡುವುದರಲ್ಲಿ ಮೈಕ್ರೊಆರ್‌ಎನ್‌ಎ ಎಂಬ ಅತಿ ಚಿಕ್ಕ ತುಣುಕುಗಳಿಗೂ ಪಾಲಿದೆ. ಕಾಯಿಲೆಯಿದ್ದವರಲ್ಲಿ ಅವು ಹೇಗೆ ಏರುಪೇರಾಗುತ್ತವೆಂದು ಹೋಲಿಸಿ ನೋಡಲು, ಅವರದೇ ಮನೆಯ ಆರೋಗ್ಯವಂತ ಮಕ್ಕಳ ರಕ್ತವೂ ನನಗೆ ಬೇಕಿತ್ತು.

ಹೀಗೆ ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿ ದಾರಿಯ ಒಂದು ಮನೆಗೆ ಹೋದೆ. ತಂದೆ ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗೆ ಕೆಲಸಕ್ಕೆ ಹೋಗಿದ್ದರು; ತಾಯಿ ಒಪ್ಪಿಗೆ ಕೊಟ್ಟರು. ಹನ್ನೆರಡು ವರ್ಷದ ಹಿರಿಯ ಮಗಳು ದಿನಕ್ಕೆ ನಾಲ್ಕು ಸಲ ತಾನೇ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು; ಅವಳ ರಕ್ತವನ್ನು ಮೊದಲೇ ಆಸ್ಪತ್ರೆಯಲ್ಲಿ ತೆಗೆದಾಗಿತ್ತು. ಆರು ವರ್ಷದ ತಂಗಿ ನನ್ನ ಸೂಜಿ ಕಂಡಿದ್ದೇ ಕಂಬಕ್ಕೆ ಅವುಚಿಕೊಂಡಳು. ಅಕ್ಕ ರಮಿಸಿ ತೊಡೆಯ ಮೇಲೆ ಕೂರಿಸಿಕೊಂಡು, "ಒಂದ ಸಲಾ ಅಷ್ಟ. ಹೌದಲ್ರೀ ಅಕ್ಕಾರ?" ಎಂದಳು. ನಾನು ಹೌದೆಂದೆ.

ರಕ್ತವನ್ನು ಐಸ್ ಪೆಟ್ಟಿಗೆಯಲ್ಲಿ ತಣ್ಣಗಿಟ್ಟು ಬೇಗ ಲ್ಯಾಬಿಗೆ ಮುಟ್ಟಿಸಬೇಕಿತ್ತು. ಆದರೆ ನಾನು ಖಾನಾಪುರದಲ್ಲಿ ಗೆಳತಿಯ ಮನೆಗೆ ಊಟಕ್ಕೆ ಹೋದೆ. ಮಾತಿನಲ್ಲಿ ಮೂರು ತಾಸು ಕಳೆಯಿತು. ಪೆಟ್ಟಿಗೆ ಸ್ಕೂಟರಿನ ಮೇಲೆ ಬಿಸಿಲಲ್ಲೇ ಇತ್ತು. ಲ್ಯಾಬಿನಲ್ಲಿ ತೆಗೆದು ನೋಡಿದರೆ, ತಿಳಿಹಳದಿ ಇರಬೇಕಿದ್ದ ಸೀರಂ, ಅಂದರೆ ಮೇಲೆ ನಿಲ್ಲುವ ರಕ್ತದ ತಿಳಿ, ಕೆಂಪಾಗಿತ್ತು. ಕೆಂಪು ಕಣಗಳು ಒಡೆದರೆ ಅವುಗಳೊಳಗಿನ ಮೈಕ್ರೊಆರ್‌ಎನ್‌ಎ ಸೋರಿ ಸೇರಿಕೊಂಡು ಫಲಿತಾಂಶವೇ ಕೆಡುತ್ತದೆ.

ಮಾರ್ಗದರ್ಶಕರಿಗೆ ಹೇಳಲಿಲ್ಲ. ವಾರದ ನಂತರ ಮತ್ತೆ ಹೋಗಿ, "ಇನ್ನೊಂದು ಬ್ಯಾರೇ ಟೆಸ್ಟ್ ಮಾಡೂದೈತ್ರಿ" ಎಂದು ತಾಯಿಗೆ ಸುಳ್ಳು ಹೇಳಿದೆ. ಅವರು ಸಣ್ಣವಳ ಕಡೆ ನೋಡಿ ಏನೋ ಕೇಳಹೊರಟವರು, ಅವಳನ್ನು ತೊಡೆಗೆ ಎಳೆದುಕೊಂಡು ತೋಳು ಚಾಚಿಸಿದರು. ನಾನೂ ಕೆದಕದೆ ಅವಳ ರಕ್ತ ತೆಗೆದುಕೊಂಡೆ.

ಎರಡು ತಿಂಗಳ ಮೇಲೆ ಹಿರಿಯವಳ ತಪಾಸಣೆಗೆ ತಾಯಿ, ಮಕ್ಕಳು ಮೂವರೂ ನಮ್ಮ ಆಸ್ಪತ್ರೆಗೆ ಬಂದಿದ್ದರು. ಸಣ್ಣವಳಿಗೆ ಬಿಸ್ಕೀಟು ಕೊಡಹೋದರೆ ಕೈ ಹಿಂದಕ್ಕೆಳೆದುಕೊಂಡಳು. ಬೆರಳ ತುದಿಗಳ ತುಂಬ ಚುಚ್ಚಿದ ಕಪ್ಪು ಚುಕ್ಕೆಗಳು.

"ಅಕಿಗೆ ಸಿಹಿ ಬಂದ್ ಮಾಡೇನ್ರಿ," ಎಂದರು ತಾಯಿ. "ದಿನಾ ಮುಂಜಾನಿ ದೊಡ್ಡಾಕಿ ಸಕ್ಕರಿ ನೋಡೂ ಮಷಿನ್‌ನ್ಯಾಗ ಬೆರಳ ಚುಚ್ಚಿ ನೋಡ್ತೀನಿ. ಇನ್ನೂ ಬರೋಬರ್ ತೋರಸ್ತೈತಿ. ನೀವು ಎರಡನೇ ಸಲಾ ರಕ್ತ ತಗೊಂಡ್ರಲ್ಲ, ಆವತ್ತ ಗೊತ್ತಾತು. ಇಕಿಗೂ ಬಂದೈತಿ, ನಿಮಗ ಹೇಳಾಕ ಬಾಯಿ ಬರವಲ್ದು ಅಂತ."

ನಾಚಿಕೆಯಿಂದ ಹೇಳುತ್ತೇನೆ, ಆಗಲೂ ನನಗೆ ಮೊದಲು ಹೊಳೆದದ್ದು ಇನ್ನೊಂದು ಸುಳ್ಳೇ: ರಿಪೋರ್ಟು ಚೆನ್ನಾಗಿ ಬಂದಿದೆ ಎಂದುಬಿಡುವುದು. ಆ ಬೆರಳುಗಳನ್ನು ನೋಡುತ್ತ ಅದು ಆಗಲಿಲ್ಲ.

"ಅಕಿಗೆ ರೋಗ ಐತಂತ ಯಾರೂ ಕಂಡಿಲ್ರೀ. ನನ್ನ ಟೆಸ್ಟ್‌ನ್ಯಾಗ ಅದು ತಿಳಿಯೂದೂ ಇಲ್ಲ. ಮೊದಲಿನ ರಕ್ತ ನಾನ ಬಿಸಲಾಗ ಇಟ್ಟು ಕೆಡಸಿದೆ. ಅದನ್ನ ಮುಚ್ಚಾಕ ಸುಳ್ಳ ಹೇಳಿದೆ."

ತಾಯಿ ಬೆಂಚಿನ ಮೇಲೆ ಕುಳಿತು ಸಣ್ಣವಳ ಎರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡರು. ಹಿರಿಯವಳು ಮಾತ್ರ, "ನನಗ ಚುಚ್ಚಿಕೊಳ್ಳೂದು ರೂಢಿ ಐತ್ರಿ. ಅಕಿ ದಿನಾ ಅಳತಿದ್ಲು. ನಾನ ಅಕಿ ಕೈ ಗಟ್ಟ್ಯಾಗಿ ಹಿಡೀತಿದ್ದೆ" ಎಂದಳು.

ಅಂದೇ ಮಕ್ಕಳ ಡಾಕ್ಟರರಿಂದ ತಾಯಿಗೆ ಎಲ್ಲ ತಿಳಿಸಿ ಹೇಳಿಸಿದೆ. ಮಾರ್ಗದರ್ಶಕರಿಗೂ ಒಪ್ಪಿಕೊಂಡೆ. ತಮ್ಮ ಮಕ್ಕಳ ರಕ್ತ ಬಳಸಬಾರದೆಂದು ತಾಯಿ ಬರೆದುಕೊಟ್ಟರು. ಇಬ್ಬರ ಟ್ಯೂಬುಗಳನ್ನೂ ನಾನೇ ನಾಶಮಾಡಿದೆ.

ಮುಂದಿನ ತಪಾಸಣೆಯ ದಿನ ಹಿರಿಯವಳು ದೂರದಿಂದ ನನ್ನನ್ನು ಕಂಡು ನಮಸ್ಕಾರ ಮಾಡಿದಳು. ನಾನು ಕಾಣದವಳಂತೆ ಮೆಟ್ಟಿಲಿಳಿದುಬಿಟ್ಟೆ.